ಹಕ್ಕಿ ಎಂದು ಒತ್ತಿದವರು

ಜಲನೇತ್ರಕ್ಕೆ ಅನುಮಾನ ಬಂದರೆ ಅದು ಬಾಯಿಬಿಟ್ಟು ಕೇಳುತ್ತಿತ್ತು. ಅನುಮಾನ ಬಂದಾಗ ಕೇಳಿ ಬಗೆಹರಿಸಿಕೊಳ್ಳುವ ಬುದ್ಧಿ ಮನುಷ್ಯರಲ್ಲೇ ಅಪರೂಪ. ಹಾಗಾಗಿ ನೌಕರಿಗೆ ಸೇರಿದ ಹೊಸದರಲ್ಲಿ ನೀಲಗಂಗಾಳಿಗೆ ಆ ಯಂತ್ರದ ಮೇಲೆ ಒಂದು ಬಗೆಯ ಗೌರವವೇ ಇತ್ತು. ಈಗ ಉಳಿದಿರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಒಂದೇ ಪ್ರಶ್ನೆ ಕೇಳುವವರ ಮೇಲೆ, ಅವರು ದೇವರೇ ಆಗಿರಲಿ, ಗೌರವ ಎಷ್ಟು ದಿನ ಉಳಿದೀತು?

'ಇದೇನು? ಹಕ್ಕಿಯೋ, ದೋಣಿಯೋ, ಕಸವೋ?' ಎಂದು ತೆರೆಯ ಮೇಲೆ ಅಕ್ಷರ ಮೂಡುತ್ತಿತ್ತು. ಜೊತೆಗೆ ಬೆಂಗಳೂರು ಕಡೆಯ ಯಾವಳೋ ಹೆಣ್ಣುಮಗಳ ಸಕ್ಕರೆ ಸವರಿದ ದನಿ ಅದನ್ನೇ ಓದಿ ಹೇಳುತ್ತಿತ್ತು. ಪಾಳಿಯಲ್ಲಿ ಕೂತವರು ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ಒತ್ತಿದ ಉತ್ತರವನ್ನು ಯಂತ್ರ ನೆನಪಿಟ್ಟುಕೊಂಡು ಮುಂದಿನ ಸಲಕ್ಕೆ ಒಂದಿಷ್ಟು ಜಾಣತನ ಕಲಿಯುತ್ತಿತ್ತು. ಸರಕಾರದವರು ಅದಕ್ಕೆ ಜಲನೇತ್ರ ಎಂದು ಹೆಸರಿಟ್ಟಿದ್ದರು. ಕಂಟ್ರೋಲ್ ರೂಮಿನವರು ಬೀಗತಿ ಎನ್ನುತ್ತಿದ್ದರು. ಎದುರಿಗೆ ಉಪಚಾರ, ಬೆನ್ನ ಹಿಂದೆ ಬೈಗುಳ, ಬೀಗತಿಯ ಜೊತೆಗಿನ ಸಂಬಂಧವೆಂದರೆ ಇಷ್ಟೇ ತಾನೆ.

ಕೃಷ್ಣೆಯ ಅಣೆಕಟ್ಟನ್ನು ಇನ್ನಷ್ಟು ಎತ್ತರಿಸಿದ ಮೇಲೆ ಹಿನ್ನೀರು ಬೇಸಿಗೆಯಲ್ಲೂ ಇಳಿಯದಾಗಿತ್ತು. ಕಡ್ಲಿಗಟ್ಟಿ ಎಂಬ ಊರು ಮನೆ, ಗುಡಿ, ಹೊಲಗಳ ಸಮೇತ ಅದರ ತಳದಲ್ಲಿ ಕೂತಿತ್ತು. ಮೇಲೆ ನಿಂತ ನೀರಿಗೆ ಇಬ್ಬರು ವಾರಸುದಾರರು ಹುಟ್ಟಿಕೊಂಡರು. ಜೊಂಡು ಬೆಳೆದು ಹೆಬ್ಬಾತು, ಬೆಳ್ಳಕ್ಕಿ, ನೀರುಕಾಗೆಗಳು ನೆಲೆಯೂರಿದ್ದರಿಂದ ಅದು ಪಕ್ಷಿಧಾಮವಾಯಿತು. ಆಳ ಇದ್ದಲ್ಲಿ ಹೂಳೆತ್ತಿ ದಾರಿ ಮಾಡಿದ್ದರಿಂದ ಅದೇ ಜಲಮಾರ್ಗವೂ ಆಯಿತು. ಸಿಮೆಂಟು, ಸಕ್ಕರೆ ಹೊತ್ತ ಬಾರ್ಜುಗಳು ಆ ದಾರಿಯಲ್ಲಿ ಓಡಾಡತೊಡಗಿದವು. ಅವುಗಳಲ್ಲಿ ಚಾಲಕರಿರಲಿಲ್ಲ, ಕಣ್ಣೂ ಇರಲಿಲ್ಲ. ನೀರಿನಲ್ಲಿ ಅಲ್ಲಲ್ಲಿ ನೆಟ್ಟ ಕಂಬಗಳೇ ಅವಕ್ಕೆ ಕಣ್ಣು. ಕಂಬದ ತುದಿಯಲ್ಲಿ ಕ್ಯಾಮೆರಾ, ಬುಡದಲ್ಲಿ ನೀರಿನ ಮೇಲಿನ, ಒಳಗಿನ ಸಪ್ಪಳ ಹಿಡಿಯುವ ಮೈಕು. ಕಂಬಗಳು ಕಂಡದ್ದು ಕೇಳಿದ್ದನ್ನು ಜಲನೇತ್ರ ಒಟ್ಟು ಮಾಡಿ, ದಾರಿಯಲ್ಲಿ ಏನಿದೆಯೆಂದು ಬಾರ್ಜಿಗೆ ಹೇಳುತ್ತಿತ್ತು.

ದೋಣಿ ಇದೆ ಎಂದರೆ ಬಾರ್ಜು ನಿಲ್ಲುತ್ತಿತ್ತು. ಹಕ್ಕಿ ಇದೆ ಎಂದರೆ ನಿಲ್ಲುತ್ತಿರಲಿಲ್ಲ. ಗುಂಯ್ ಎಂದು ಒಂದು ಸಪ್ಪಳ ಮಾಡಿಕೊಂಡು ಬರುತ್ತಿತ್ತು, ಹಕ್ಕಿಗಳು ಎದ್ದು ಹಾರಿ ದಾರಿ ಬಿಡುತ್ತಿದ್ದವು. ದೊಡ್ಡ ದೊಡ್ಡವರು ವರ್ಷಗಟ್ಟಲೆ ಅಭ್ಯಾಸ ಮಾಡಿ ಮಾಡಿದ ಏರ್ಪಾಡು ಅದು.

ತೊಂದರೆ ಇದ್ದದ್ದು ಇನ್ನೊಂದು ಕಡೆ. ಪಕ್ಷಿಧಾಮದ ಎಲ್ಲೆಯೊಳಗೆ ದೋಣಿ ಕಂಡಿತೆಂದರೆ ದಂಡ. ಮೂರನೆಯ ಸಲಕ್ಕೆ ಆ ಮನೆಯ ಮೀನಿನ ಪಾಸೇ ರದ್ದು. ಮುಳುಗಿದ ಊರಿನವರು ದಂಡೆಯ ಮೇಲಿನ ಪುನರ್ವಸತಿ ಕಾಲನಿಗೆ ಬಂದು, ಹೊಲ ಹೋದ ಮೇಲೆ ಹರಿಗೋಲು ಹತ್ತಿ ಮೀನಿಗೆ ಬಲೆ ಬೀಸುವುದನ್ನು ಕಲಿತಿದ್ದರು. ಎಲ್ಲೆಯ ಹೊರಗೆ ಹಿಡಿಯಬೇಕು ಎಂದು ಪಾಸಿನಲ್ಲೇನೋ ಇತ್ತು. ಆದರೆ ಮೀನಿಗೆ ಎಲ್ಲೆ ಗೊತ್ತಿರಲಿಲ್ಲವಲ್ಲ. ಅಲ್ಲಿ ಇಲ್ಲಿ ಒಂದು ಹರಿಗೋಲು ಒಳಗೆ ನುಸುಳಿದಾಗ ಬೀಗತಿ ಕೇಳುತ್ತಿದ್ದಳು, ಇದೇನು? ತೆರೆಯ ಮೇಲೆ ಮಸುಕು ಮಸುಕಾಗಿ ಬುಟ್ಟಿಯಂಥ ದುಂಡನೆಯ ಆಕಾರ. ಅದರಲ್ಲಿ ಕೂತವನು ಯಾರ ಮಗ, ಯಾರ ಅಳಿಯ, ಯಾರ ಮನೆಯಲ್ಲಿ ಬಾಣಂತನ ನಡೆದಿದೆ ಎಂಬುದೆಲ್ಲ ಪಾಳಿಯವರಿಗೆ ಗೊತ್ತು, ಯಾಕೆಂದರೆ ಅವರೂ ಅದೇ ಕಾಲನಿಯವರು. ಮೊದಲು ಯಾರು ಶುರು ಮಾಡಿದರೋ ಈಗ ನೆನಪಿಲ್ಲ. ಹಕ್ಕಿ ಎಂದು ಒತ್ತುವುದು ಎಲ್ಲ ಪಾಳಿಗೂ ರೂಢಿಯಾಗಿಹೋಯಿತು. ಹೊಸಬರು ಬಂದರೆ ಹಳಬರು ಕಲಿಸುವ ಮೊದಲ ಪಾಠವೇ ಅದು.

ಎಳ್ಳಮಾವಾಸ್ಯೆಯ ಹಿಂದಿನ ಸಂಜೆ ನೀಲಗಂಗಾ ಪಾಳಿ ಮುಗಿಸಿ ಮನೆಗೆ ಬಂದಾಗ ಅತ್ತೆ ಸತ್ಯವ್ವ ಒಲೆಯ ಮುಂದೆ ಕೂತು ಸಜ್ಜೆರೊಟ್ಟಿಗೆ ಎಳ್ಳು ಒತ್ತುತ್ತಿದ್ದಳು. ಶೇಂಗಾ ಹೋಳಿಗೆಯ ಪುಟ್ಟಿ ತುಂಬಿತ್ತು. ಎಣ್ಣೆಗಾಯಿಯ ಘಮ ಪತ್ರಾಸ್ ತಗಡಿನ ಮಾಡಿಗೆ ಬಡಿದು ಮನೆಯೆಲ್ಲ ಸುತ್ತುತ್ತಿತ್ತು. ಗಂಡ ದೂರದ ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ, ಹಬ್ಬಕ್ಕೂ ಬರುವವನಲ್ಲ. ಮನೆಯಲ್ಲಿ ಇದ್ದವರು ಇವರಿಬ್ಬರೇ, ಆದರೂ ಅಡಿಗೆ ಊರಿಗಾಗುವಷ್ಟಿತ್ತು.

ನೀಲಗಂಗಾ ಗೋಡೆಗೆ ಬೆನ್ನು ಹಚ್ಚಿ ಕಾಲು ಚಾಚಿದಳು. ಕಣ್ಣು ಮುಚ್ಚಿದರೂ ತೆರೆಯ ಮೇಲಿನ ಚುಕ್ಕೆಗಳೇ ಕುಣಿಯುತ್ತಿದ್ದವು. ಅವಳಿಗೆ ಹಬ್ಬ ಬೇಡವಾಗಿತ್ತು. ನಿದ್ದೆ ಬೇಕಾಗಿತ್ತು.

"ಈ ವರ್ಷ ದಂಡಿಗೆ ನಿಂತs ಚರಗ ಚೆಲ್ಲಿದ್ರ ಆಗಾಂಗಿಲ್ಲೇನ್ರಿ ಅತ್ತಿ? ಎಲ್ಲಿ ಚೆಲ್ಲಿದ್ರೂ ನೀರು ನೀರs."

ಸತ್ಯವ್ವ ರೊಟ್ಟಿ ಮಗುಚಿ ಹಾಕಿದಳು. "ನಿನ್ನ ಗಂಡಗ ಬುತ್ತಿ ಕಟ್ಟೂದಿದ್ರ ಮಂದಿ ಮನಿಗೆ ಒಯ್ದು ಕೊಡ್ತೀಯೇನ?"

ಎಳ್ಳಮಾವಾಸ್ಯೆಗೆ ಹೊಲ ಬಸುರಿಯಂತೆ, ಬಯಕೆಯ ಊಟ ಅದರ ಬಾಯಿಗೇ ಮುಟ್ಟಬೇಕು. ಉಳಿದ ಊರವರು ಬಂಡಿ ಕಟ್ಟಿಕೊಂಡೋ ಟ್ರ್ಯಾಕ್ಟರ್ ಹತ್ತಿಯೋ ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಿದ್ದರು. ಕಡ್ಲಿಗಟ್ಟಿಯವರ ಹೊಲ ನೀರಿನಡಿ ಇದ್ದುದರಿಂದ ಅವರು ಹರಿಗೋಲು ಹತ್ತಿ ಹೋಗಿ ಮೇಲಿನಿಂದಲೇ ಚೆಲ್ಲುತ್ತಿದ್ದರು. ಸತ್ಯವ್ವನ ಎರೆಹೊಲದ ಮೇಲೆಯೇ ಜಲಮಾರ್ಗ ಹಾಯ್ದಿತ್ತು. ಅದರ ಗುರುತಿಗೆ ಬಿಟ್ಟಿದ್ದ ತೇಲುದೀಪ ಸರಿಯಾಗಿ ಅವಳ ಬನ್ನಿಗಿಡದ ನೆತ್ತಿಗೆ ಬಂದಿತ್ತು. 'ನನ್ನ ಹೊಲದಾಗ ಸರಕಾರ ನಂದಾದೀಪ ಹಚ್ಚೈತಿ' ಎಂದು ಅವಳು ಎಲ್ಲರೆದುರು ಜಂಬ ಕೊಚ್ಚುತ್ತಿದ್ದಳು.

"ನಾಳಿ ಮುಂಜಾನಿ ಪಾಳಿ ನಿಂದs ಹೌದಲ್ಲೊ?"

"ನಂದs ರಿ."

"ಹಂಗಾರ ಚಿಂತಿಲ್ಲ ಬಿಡು. ಉಂಡು ಮಕ್ಕೊ ಹೋಗು, ಮಾರಿ ಹೆಂಗಾಗೇತಿ ನೋಡು."

ಚಿಂತೆ ಇಲ್ಲ ಎಂದದ್ದಕ್ಕೆ ಕಾರಣವಿತ್ತು. ಬೀಗತಿ ಪ್ರಶ್ನೆ ಕೇಳಿ ಉತ್ತರಕ್ಕೆ ಕಾಯುವಷ್ಟು ಹೊತ್ತು ಬಾರ್ಜೂ ಕಾಯುತ್ತಿತ್ತು. ಹಾಗಾಗಿ ಅಮಾವಾಸ್ಯೆಯ ದಿನ ಪಾಳಿಯವರು ಕೂಡಲೇ ಗುಂಡಿ ಒತ್ತುತ್ತಿರಲಿಲ್ಲ. ಎದ್ದು ಹೋಗಿ ಚಹಾ ಕುಡಿದು, ಎಲೆಯಡಿಕೆ ಹಾಕಿ, ಕಾಲನಿಯವರು ಚರಗ ಚೆಲ್ಲಿ ಬುತ್ತಿ ಉಂಡು ದಾರಿಯಿಂದ ಸರಿದರೆಂದು ಖಾತ್ರಿಯಾದ ಮೇಲೆ ನಿಧಾನಕ್ಕೆ ಬಂದು ಹಕ್ಕಿ ಎಂದು ಒತ್ತುವುದು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ಎಲ್ಲೆ ದಾಟುವವರು ಫೋನು ಒಯ್ಯಬಾರದು, ಫೋನಿದ್ದರೆ ಬೀಗತಿ ಮನುಷ್ಯರೆಂದು ಕಂಡುಹಿಡಿಯುತ್ತಾಳೆ ಎಂದು ಎಚ್ಚರಿಕೆ ಕೊಟ್ಟವರೂ ಪಾಳಿಯವರೇ.

ಮರುದಿನ ಬೆಳಿಗ್ಗೆ ಹಿನ್ನೀರಿನ ಮೇಲೆ ಮಂಜು ಗೋಡೆ ಕಟ್ಟಿತ್ತು. ಕಂಟ್ರೋಲ್ ರೂಮಿನ ಕಿಟಕಿಯಿಂದ ಎದುರಿನ ಬೇವಿನ ಮರವೂ ಕಾಣುತ್ತಿರಲಿಲ್ಲ. ಕ್ಯಾಮೆರಾಗಳೆಲ್ಲ ಬೆಳ್ಳಗೆ ಕುರುಡಾಗಿದ್ದವು. ಜಲನೇತ್ರ ಬರೀ ಕಿವಿಯ ಮೇಲೆ ಕೆಲಸ ಮಾಡುತ್ತಿತ್ತು.

ಜೊತೆಗೆ ಪಾಳಿಯಲ್ಲಿದ್ದವನು ರಾಜೇಸಾಬ, ಅವಳಿಗಿಂತ ಹಿರಿಯ, ಬೆನ್ನುನೋವಿನವ. ಕುರ್ಚಿಗೆ ದಿಂಬು ಕೊಟ್ಟುಕೊಂಡು ಕೂತಿದ್ದ. "ಹೊಂಟಾರ ನೋಡು ತಂಗಿ" ಎಂದ, ತೆರೆಯ ಮೇಲೆ ದಂಡೆ ಬಿಟ್ಟು ಸರಿಯುತ್ತಿದ್ದ ಚುಕ್ಕೆಗಳನ್ನು ತೋರಿಸಿ. "ನಮ್ಮ ತಮ್ಮನೂ ಮಕ್ಕಳ್ನ ಕರಕೊಂಡು ಹೋಗ್ಯಾನ. ಹೊಲ ಯಾರದಾದ್ರೇನ, ಬುತ್ತಿ ಎಲ್ಲಾರದೂ."

ನೀಲಗಂಗಾ ಪ್ರಶ್ನೆಗಾಗಿ ಕಾದಳು. ಪ್ರಶ್ನೆ ಬರಲಿಲ್ಲ. ಚುಕ್ಕೆಗಳು ಎಲ್ಲೆ ದಾಟಿದವು, ಆಗಲೂ ಬೀಗತಿ ತುಟಿ ಪಿಟಕ್ಕೆನ್ನಲಿಲ್ಲ. ನಿಜ ಹೇಳಬೇಕೆಂದರೆ ಅವಳಿಗೆ ಖುಷಿಯೇ ಆಯಿತು. ಒಂದು ಮುಂಜಾನೆಯಾದರೂ ತಲೆ ತಿನ್ನಿಸಿಕೊಳ್ಳದೆ ಕೂರುವ ಭಾಗ್ಯ. ಅವಳು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು.

ತೇಲುದೀಪದ ಬಳಿಯ ಕಂಬದ ಮೈಕಿನಿಂದ ಸಪ್ಪಳ ಬರತೊಡಗಿತು. ಹುಟ್ಟು ನೀರಿಗೆ ಬಿದ್ದದ್ದು, ಒಂದಕ್ಕೊಂದು ಹರಿಗೋಲು ತಾಗಿದ್ದು. ಆಮೇಲೆ ಸತ್ಯವ್ವನ ಒಡಕು ದನಿಯಲ್ಲಿ ಚರಗದ ಕೂಗು, "ಹುಲಿಗ್ಯೋ..." ಹಿಂದಿನಿಂದ ಹುಡುಗರ ಗುಂಪು ಕೂಡಿ ಎಳೆದದ್ದು, "ಚಲ್ಲಂಬರಿಗ್ಯೋ..." ನೀಲಗಂಗಾಳಿಗೆ ನಗು ಬಂತು. ಮುದುಕಿಗೆ ಮಂಡಿನೋವು, ಉಬ್ಬಸ ಎಲ್ಲ ಇದ್ದರೂ ಚರಗದ ದಿನ ಗಂಟಲು ಮಾತ್ರ ಹದಿನಾರರದು. ಅವಳು ನಗುತ್ತಲೇ ಕಣ್ಣು ತೆರೆದು ತೆರೆಯನ್ನು ನೋಡಿದಳು.

ತೆರೆಯ ಮೇಲೆ ಬರೆದಿತ್ತು: ಹೆಬ್ಬಾತು. ದೊಡ್ಡ ಹಿಂಡು. ಕೂಗುತ್ತಿವೆ.

ಅವಳು ಎರಡೆರಡು ಸಲ ಓದಿದಳು. ಪಕ್ಕದಲ್ಲಿ ಹಸಿರು ಗುರುತು ಉರಿಯುತ್ತಿತ್ತು. ಹಸಿರೆಂದರೆ ಅನುಮಾನ ಇಲ್ಲ ಎಂದು ಅರ್ಥ. ನದಿಯ ಮೇಲಿನ ತಿರುವಿನಲ್ಲಿ ಸಿಮೆಂಟಿನ ಬಾರ್ಜಿನ ಚುಕ್ಕೆ ಕಾಣಿಸಿಕೊಂಡಿತ್ತು. ಅದು ನಿಧಾನ ಮಾಡಿರಲಿಲ್ಲ.

"ಅಣ್ಣಾ, ಇದು ಕೇಳಲಿಲ್ಲ."

"ಕೇಳಲಿಲ್ಲಂದ್ರ ಚಲೋನs ಆತಲ್ಲ."

"ಚಲೋ ಅಲ್ಲ ಅಣ್ಣಾ. ಇದಕ್ಕ ಖಾತ್ರಿ ಆಗಿಬಿಟ್ಟೈತಿ. ನಮ್ಮ ಮಂದೀನ್ನ ಹಕ್ಕಿ ಅಂತ ಕಲ್ತುಬಿಟ್ಟೈತಿ. ಬಾರ್ಜ್ ನಿಂದರಾಂಗಿಲ್ಲ. ಅವು ಹಾರ್ತಾವ ಅಂತ ತಿಳಕೊಂಡೈತಿ."

ರಾಜೇಸಾಬ ಬೆನ್ನುನೋವು ಮರೆತು ಎದ್ದು ನಿಂತ. ಒಂಟಿ ಹರಿಗೋಲಾಗಿದ್ದರೆ ಗುಂಯ್ ಸಪ್ಪಳ ಕೇಳಿ ಹುಟ್ಟು ಹಾಕಿ ಪಕ್ಕಕ್ಕೆ ಸರಿಯುತ್ತಿತ್ತು. ಇಷ್ಟು ದಿನ ನಡೆದದ್ದೂ ಹಾಗೆಯೇ, ಅದಕ್ಕೇ ಯಾರ ಗಮನಕ್ಕೂ ಬಂದಿರಲಿಲ್ಲ. ಇವತ್ತು ಹಾಗಲ್ಲ. ಕೂಡಿ ಉಣ್ಣಲೆಂದು ಎಲ್ಲ ಹರಿಗೋಲುಗಳನ್ನೂ ಒಂದಕ್ಕೊಂದು ಬಿಗಿದು, ಮಂಜಿನಲ್ಲಿ ದಿಕ್ಕು ತಪ್ಪದಿರಲೆಂದು ತೇಲುದೀಪಕ್ಕೆ ಕಟ್ಟಿಹಾಕಿರುತ್ತಾರೆ. ಮೇಲಾಗಿ ಬಾರ್ಜು ಕಾಯುತ್ತದೆ ಎಂಬ ನಂಬಿಕೆ. ಹುಡುಗರ ಗದ್ದಲದಲ್ಲಿ ಆ ಸಪ್ಪಳ ಕೇಳಿಸಿದರೂ ಎಲ್ಲೋ ದೂರ ನಿಂತಿದೆ ಎಂದುಕೊಳ್ಳುತ್ತಾರೆ.

"ನಾ ಇಲಾಖೆ ದೋಣಿ ತಗೊಂಡು ಹೋಗ್ತೀನಿ" ಎಂದು ರಾಜೇಸಾಬ ಓಡಿದ. ಅದು ಹೊತ್ತಿಗೆ ಸರಿಯಾಗಿ ಮುಟ್ಟುವ ಮಾತಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ನೀಲಗಂಗಾ ಬಾರ್ಜಿನ ಕಚೇರಿಗೆ ಫೋನು ಹಚ್ಚಿದಳು. ಯಾವುದೋ ದೊಡ್ಡ ಶಹರದಲ್ಲಿ ಕೂತ ಹುಡುಗ ಬಹಳ ಮರ್ಯಾದೆಯಿಂದ ಮಾತಾಡಿದ. "ಮೇಡಂ, ನಿಮ್ಮ ಜಲನೇತ್ರವೇ ಹಕ್ಕಿ ಅಂತ ತೋರಿಸ್ತಾ ಇದೆ. ಹಕ್ಕಿಗೆ ನಿಲ್ಲಿಸೋ ಅಧಿಕಾರ ನಮಗಿಲ್ಲ. ನೀವು ಅಲ್ಲಿ ಬದಲಾಯಿಸಿದರೆ ಇಲ್ಲಿ ತಾನಾಗಿ ನಿಲ್ಲುತ್ತೆ."

ಅವಳು ಫೋನು ಕೆಳಗಿಟ್ಟು ದೋಣಿಯ ಗುಂಡಿ ಒತ್ತಿದಳು.

'ಈ ಉತ್ತರ ಇದುವರೆಗಿನ ಉತ್ತರಗಳಿಗೆ ಹೊಂದುತ್ತಿಲ್ಲ' ಎಂದಿತು ಸಕ್ಕರೆ ದನಿ. ಮತ್ತೆ ಒತ್ತಿದಳು. 'ಈ ಉತ್ತರ ಹೊಂದುತ್ತಿಲ್ಲ. ಇದನ್ನು ಸ್ವೀಕರಿಸಬೇಕಾದರೆ ಹಿಂದಿನ ಉತ್ತರಗಳನ್ನೆಲ್ಲ ರದ್ದುಪಡಿಸಬೇಕು. ಆಗ ಹಿಂದೆ ಹಕ್ಕಿ ಎಂದು ಗುರುತಿಸಿದ ಇಂಥ ಎಲ್ಲವೂ ದೋಣಿಗಳಾಗುತ್ತವೆ. ರದ್ದುಪಡಿಸಲೇ?'

ನೀಲಗಂಗಾಳ ಕೈ ಗಾಳಿಯಲ್ಲೇ ನಿಂತಿತು.

ಎಲ್ಲವೂ ಎಂದರೆ ಎಲ್ಲವೂ. ಇಷ್ಟು ವರ್ಷ ನುಸುಳಿದ, ಕಂಬಗಳು ಚಿತ್ರ ಉಳಿಸಿಕೊಂಡ ಒಂದೊಂದು ಹರಿಗೋಲೂ, ಅದರೊಳಗಿನ ಒಂದೊಂದು ಮುಖವೂ. ಮೂರು ಸಲಕ್ಕೇ ಪಾಸು ಹೋಗುವ ಕಡೆ, ಕಾಲನಿಯಲ್ಲಿ ಮೂರಕ್ಕಿಂತ ಕಡಿಮೆ ಸಲ ಎಲ್ಲೆ ದಾಟಿದ ಮನೆ ಯಾವುದಿತ್ತು? ಒಂದು ಗುಂಡಿಗೆ ಇಡೀ ಕಾಲನಿಯ ಒಲೆ ಆರುತ್ತಿತ್ತು. ಹೊಲ ಮುಳುಗಿಸಿಕೊಂಡವರಿಗೆ ಉಳಿದದ್ದು ಆ ನೀರೊಂದೇ. ಅದನ್ನೂ ಕಿತ್ತುಕೊಳ್ಳುವ ಕೈ ತಮ್ಮದೇ ಕೇರಿಯ ಸೊಸೆಯದಾಗಬೇಕೆ? ಒಳ್ಳೆಯದು ಮಾಡಿದೆವೆಂದು ಎಷ್ಟು ವರ್ಷ ಬೀಗಿದ್ದೆವು, ದೇವರೇ!

ಸ್ಪೀಕರಿನಲ್ಲಿ ಸತ್ಯವ್ವ ಯಾರಿಗೋ ಹೋಳಿಗೆಗೆ ತುಪ್ಪ ಸಾಲದೆಂದು ಬೈಯುತ್ತಿದ್ದಳು. ಒಂದು ಕೂಸು ಅತ್ತಿತು, ನೆರೆಮನೆಯ ಫಕೀರವ್ವನದೇ ಇರಬೇಕು. ತೆರೆಯ ಮೇಲೆ ಹೊಸ ಸಾಲು ಮೂಡಿತು: ಮರಿಗಳಿವೆ.

ಅವಳು ಗುಂಡಿ ಒತ್ತಿದಳು.

ಹಸಿರು ಗುರುತು ಕೆಂಪಾಯಿತು. ಬಾರ್ಜಿನ ಯಂತ್ರ ಹಿಮ್ಮುಖವಾಗಿ ಎಳೆಯತೊಡಗಿತು, ಆದರೆ ಅಷ್ಟು ಸಿಮೆಂಟು ಹೊತ್ತದ್ದು ನಿಲ್ಲೆಂದ ಕೂಡಲೇ ನಿಂತೀತೇ? ಮೈಕಿನಲ್ಲಿ ನೀರು ಕುದಿಯುವ ಸಪ್ಪಳ, ಆಮೇಲೆ ಹೆಂಗಸರ ಚೀರಾಟ. ನೀಲಗಂಗಾ ಎರಡೂ ಕೈಯಿಂದ ಕಿವಿ ಮುಚ್ಚಿಕೊಂಡು ಮೇಜಿನ ಮೇಲೆ ತಲೆಯಿಟ್ಟಳು. ಬಹಳ ಹೊತ್ತಿನ ಮೇಲೆ ಕೈ ತೆಗೆದಾಗ ರಾಜೇಸಾಬನ ದನಿ ಕೇಳಿಸಿತು. ಯಾವ ಕಂಬದ ಹತ್ತಿರ ನಿಂತಿದ್ದನೋ, ಅವಳಿಗೆಂದೇ ಕೂಗುತ್ತಿದ್ದ. "ನಿಂತೈತಿ ತಂಗೀ! ಬಾರ್ಜಿಗೂ ಹರಗೋಲಕ್ಕೂ ನಡುವ ಒಂದು ಸೀರಿ ಒಣಗಹಾಕುವಷ್ಟು ಜಾಗಾ ಉಳದೈತಿ. ಎಲ್ಲಾರೂ ಅದಾರ!"

ಅವಳು ಅತ್ತಳು. ಅಳಲೂ ದಣಿವಾಗಿತ್ತು.

ಮುಂದಿನದು ನಡೆಯಬೇಕಾದಂತೆಯೇ ನಡೆಯಿತು. ಸಂಕ್ರಾಂತಿ ಕಳೆಯುವಷ್ಟರಲ್ಲಿ ಕಾಲನಿಯ ಒಂದೂ ಮನೆ ಬಿಡದೆ ಪಾಸು ರದ್ದಾಯಿತು. ಹರಿಗೋಲುಗಳನ್ನು ಲಾರಿಯಲ್ಲಿ ಬೋರಲು ಹಾಕಿ ಒಯ್ದರು. ಗಂಡಸರು ಕಬ್ಬು ಕಡಿಯುವ ಗ್ಯಾಂಗಿಗೆ ಹೆಸರು ಕೊಟ್ಟರು. ಬೀಗತಿಯ ತಲೆ ಕೆಟ್ಟುಹೋಗಿತ್ತು. ಕಲಿತದ್ದನ್ನೆಲ್ಲ ಮರೆಸಿದ್ದರಿಂದ ಈಗ ಯಾವ ಹಿಂಡು ಕಂಡರೂ ದೋಣಿ ಎನ್ನುತ್ತಿದ್ದಳು. ಮನುಷ್ಯರಿಗೆ ನಿಲ್ಲದೆ ಬಂದಿದ್ದ ಬಾರ್ಜುಗಳು ಹೆಬ್ಬಾತುಗಳ ಮುಂದೆ ಕೈಕಟ್ಟಿ ನಿಲ್ಲತೊಡಗಿದವು.

ವಿಚಾರಣೆಗೆ ಒಬ್ಬ ಅಧಿಕಾರಿ ಬಂದಿದ್ದರು, ಕೆಟ್ಟವರಲ್ಲ. "ಎದುರಿಗೆ ಮನುಷ್ಯರು ಕಾಣುವಾಗ ಹಕ್ಕಿ ಅಂತ ಯಾಕೆ ಒತ್ತಿದಿರಿ?" ಎಂದು ಕೇಳಿದರು.

"ಮನಷ್ಯಾ ಅನ್ನೂ ಗುಂಡಿ ಇರ್ಲಿಲ್ರಿ ಸಾಹೇಬ್ರ" ಎಂದಳು ನೀಲಗಂಗಾ. "ದೋಣಿ ಅಂದ್ರ ದಂಡ, ಕಸ ಅನ್ನಾಕ ಮನಸ್ಸಾಗಲಿಲ್ಲ."

ಅವಳ ನೌಕರಿ ಹೋಗಲಿಲ್ಲ. ತಪ್ಪು ಒತ್ತಿದವರಲ್ಲಿ ಎಲ್ಲ ಪಾಳಿಯವರೂ ಇದ್ದರು, ಎಲ್ಲರನ್ನೂ ಕಳಿಸಿದರೆ ಯಂತ್ರದ ಮುಂದೆ ಕೂರುವವರು ಯಾರು? ಬಾರ್ಜಿನ ಕಚೇರಿಯವರಂತೂ ಅನಾಹುತ ತಪ್ಪಿಸಿದ್ದಕ್ಕೆ ಶಾಲು ಹೊದಿಸುತ್ತೇವೆಂದು ಹೇಳಿಕಳಿಸಿದರು. ಅವಳು ಹೋಗಲಿಲ್ಲ. ಕಾಲನಿಯ ನಳದ ಹತ್ತಿರ ಅವಳು ಕೊಡ ಹಿಡಿದು ಹೋದರೆ ಹೆಂಗಸರು ಸುಮ್ಮನಾಗುತ್ತಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಸತ್ಯವ್ವನೂ ಆ ದಿನದಿಂದ ಹೆಚ್ಚು ಮಾತಾಡಿರಲಿಲ್ಲ. ಒಂದು ಮಧ್ಯಾಹ್ನ ಅವಳು ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳದೊಳಗಿನ ಹಳ್ಳು ಕಲ್ಲು ಆರಿಸಿ ಹಸನು ಮಾಡುತ್ತಿದ್ದಳು. ನೀಲಗಂಗಾ ಪಾಳಿ ಮುಗಿಸಿ ಬಂದು, ಚಪ್ಪಲಿ ಬಿಟ್ಟು, ಒಳಗೆ ಹೋಗಲಾರದೆ ಅಲ್ಲೇ ಹೊಸ್ತಿಲ ಬಳಿ ಕುಸಿದಳು.

"ಅತ್ತಿ, ಆ ಗುಂಡಿ ಒತ್ತಿದಾಕಿ ನಾನs ರಿ."

"ನೀ ಅಲ್ದ ಮತ್ಯಾರಿದ್ರು ಅಲ್ಲಿ?" ಸತ್ಯವ್ವ ತಲೆ ಎತ್ತಲಿಲ್ಲ. ಜೋಳದ ಮೇಲೆ ಅವಳ ಬೆರಳು ಆಡುತ್ತಲೇ ಇತ್ತು. "ಆ ಬಾರ್ಜು ಬಡದಿದ್ರ ನನ್ನ ಹೊಲದಾಗ ಸಾಯ್ತಿದ್ದೆ. ನನ್ನ ಬನ್ನಿಗಿಡದ ಬುಡಕ್ಕ ಹೋಗಿ ಕುಂದರ್ತಿದ್ದೆ. ಈಗ ಈ ಪತ್ರಾಸಿನ ಕೆಳಗ ಸಾಯ್ಬೇಕು."

ನೀಲಗಂಗಾಳಿಗೆ ಎದ್ದು ಹೋಗಬೇಕೆನಿಸಿತು.

"ಹುಡುಗ್ರಿದ್ವು ರಿ ಹರಗೋಲದಾಗ" ಎಂದಳು, ಬಹಳ ಸಣ್ಣ ದನಿಯಲ್ಲಿ. "ಫಕೀರವ್ವನ ಕೂಸಿತ್ತು."

ಸತ್ಯವ್ವನ ಕೈ ನಿಂತಿತು. ಬೀದಿಯಲ್ಲಿ ಕಬ್ಬಿನ ಗ್ಯಾಂಗಿನ ಟ್ರ್ಯಾಕ್ಟರ್ ಧೂಳೆಬ್ಬಿಸಿ ಹಾದುಹೋಯಿತು.

"ಇತ್ತು" ಎಂದಳು ಆಮೇಲೆ. "ನನ್ನ ತೊಡಿ ಮ್ಯಾಲೇ ಇತ್ತು."

ಮೊರವನ್ನು ಸೊಸೆಯ ಕಡೆ ಸರಿಸಿದಳು. "ನನಗ ಕಣ್ಣು ಕಾಣವಲ್ದು. ಹಳ್ಳು ನೀ ಆರಸು."